120 ಪುಟಕ್ಕೆ 54, 60 ಪುಟಕ್ಕೆ 71: ಕಿರುಪ್ರಬಂಧದ ಅಂಕ ಬರುವುದೆಲ್ಲಿ, ಹೋಗುವುದೆಲ್ಲಿ?

ಪ್ರಶ್ನೆ: ನಾನು ಮಾನ್ವಿ ತಾಲ್ಲೂಕಿನವಳು. ಅರ್ಥಶಾಸ್ತ್ರ ಎಂ.ಎ. ಕೊನೆಯ ಸೆಮಿಸ್ಟರ್‌ನಲ್ಲಿ ‘ತುಂಗಭದ್ರಾ ಎಡದಂಡೆ ಕಾಲುವೆ: ಒಂದು ಅಧ್ಯಯನ’ ಅಂತ ಕಿರುಪ್ರಬಂಧ ಬರೆದೆ. 120 ಪುಟ ಆಯಿತು, ಬಂದದ್ದು 100ಕ್ಕೆ 54. ಗೆಳತಿ ಬರೆದದ್ದು 60 ಪುಟ, ಅವಳಿಗೆ 71. ಮುಂದಿನ ವರ್ಷ ನನ್ನ ತಮ್ಮನೂ ಬರೆಯಬೇಕು. ಪರೀಕ್ಷಕರು ನಿಜವಾಗಿ ಏನು ನೋಡಿ ಅಂಕ ಹಾಕುತ್ತಾರೆ?

ಉತ್ತರ: ಪುಟಕ್ಕೆ ಅಂಕವಿಲ್ಲ. ನೀವು ಎತ್ತಿಕೊಂಡ ಪ್ರಶ್ನೆಗೂ ಮುಂದಿಟ್ಟ ಆಧಾರಕ್ಕೂ ಎಷ್ಟು ಗಟ್ಟಿ ಬೆಸುಗೆ ಇದೆ ಎಂಬುದಕ್ಕೆ ಅಂಕ. ಅನುಭವಿ ಪರೀಕ್ಷಕರು ಪ್ರಬಂಧವನ್ನು ಮೊದಲ ಪುಟದಿಂದ ಕೊನೆಯವರೆಗೆ ಸಾಲಾಗಿ ಓದುತ್ತಾ ಹೋಗುವುದು ಕಡಿಮೆ. ಶೀರ್ಷಿಕೆ ನೋಡುತ್ತಾರೆ, ಪೀಠಿಕೆಯಲ್ಲಿ ಪ್ರಶ್ನೆ ಎಲ್ಲಿದೆ ಎಂದು ಹುಡುಕುತ್ತಾರೆ, ನೇರವಾಗಿ ಉಪಸಂಹಾರಕ್ಕೆ ಹೋಗಿ ಅದಕ್ಕೆ ಉತ್ತರ ಸಿಕ್ಕಿದೆಯೇ ಎಂದು ಪರಿಶೀಲಿಸುತ್ತಾರೆ. ಆಮೇಲೆ ಆಕರ ಗ್ರಂಥಗಳ ಪಟ್ಟಿ, ಕೊನೆಗೆ ನಡುವಿನ ಅಧ್ಯಾಯಗಳು. ಪೀಠಿಕೆ ಕೇಳಿದ್ದು ಒಂದು, ಉಪಸಂಹಾರ ಹೇಳಿದ್ದು ಇನ್ನೊಂದು ಆಗಿದ್ದರೆ ನಡುವಿನ 100 ಪುಟಗಳು ಕೈಹಿಡಿಯುವುದು ಕಷ್ಟ.

ಅಂಕದ ಹಂಚಿಕೆ ಒಂದೊಂದು ವಿಶ್ವವಿದ್ಯಾಲಯದಲ್ಲಿ, ಒಂದೊಂದು ವಿಭಾಗದಲ್ಲಿ ಬೇರೆ ಬೇರೆ. ಪ್ರಬಂಧಕ್ಕೆಷ್ಟು, ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಎಷ್ಟು, ಆಂತರಿಕ ಅಂಕ ಎಷ್ಟು ಎಂಬುದು ನಿಮ್ಮ ಪಠ್ಯಕ್ರಮದಲ್ಲೇ ಇರುತ್ತದೆ. ಬರೆಯಲು ಕೂರುವ ಮೊದಲೇ ತಮ್ಮನಿಗೆ ಆ ಪುಟ ಓದಿಸಿ. ತೂಕ ಅರ್ಥವಾಗಲೆಂದು ಒಂದು ಮಾದರಿ ಲೆಕ್ಕ ಇಟ್ಟುಕೊಳ್ಳೋಣ: ಪ್ರಶ್ನೆ ಮತ್ತು ಅಧ್ಯಯನದ ವ್ಯಾಪ್ತಿಗೆ 15, ಪೂರ್ವಾಧ್ಯಯನಗಳ ಸಮೀಕ್ಷೆಗೆ 15, ವಿಧಾನ ಮತ್ತು ಮಾಹಿತಿ ಸಂಗ್ರಹಕ್ಕೆ 25, ವಿಶ್ಲೇಷಣೆಗೆ 30, ಭಾಷೆ, ಅಡಿಟಿಪ್ಪಣಿ, ಅಚ್ಚುಕಟ್ಟಿಗೆ 15. ಅರ್ಧಕ್ಕಿಂತ ಹೆಚ್ಚು ಅಂಕ ವಿಧಾನ ಮತ್ತು ವಿಶ್ಲೇಷಣೆಯಲ್ಲೇ ಇದೆ. ನಮ್ಮ ಭಾಗದ ಬಹುಪಾಲು ಪ್ರಬಂಧಗಳು ಅತಿ ಕಡಿಮೆ ಪುಟ ಕೊಡುವುದೂ ಇವೆರಡಕ್ಕೇ.

‘ಒಂದು ಅಧ್ಯಯನ’ ಎಂಬ ಬಾಲ ಶೀರ್ಷಿಕೆಯಲ್ಲಿ ಕಂಡರೆ ಒಳಗೆ ಪ್ರಶ್ನೆಯೇ ಇರಲಿಕ್ಕಿಲ್ಲ ಎಂಬ ಅನುಮಾನ ಪರೀಕ್ಷಕರಿಗೆ ಮೊದಲ ಪುಟದಲ್ಲೇ ಬರುತ್ತದೆ. ಇಂಥ ಪ್ರಬಂಧದಲ್ಲಿ ಸಾಮಾನ್ಯವಾಗಿ ಆಗುವುದು ಇಷ್ಟು: 1945ರ ಶಂಕುಸ್ಥಾಪನೆ, 1953ರಲ್ಲಿ ಕಾಲುವೆಗೆ ನೀರು, ಅಣೆಕಟ್ಟಿನ ಎತ್ತರ, ಜಿಲ್ಲೆಯ ಮಳೆ, ಮಣ್ಣು, ಜನಸಂಖ್ಯೆ ಎಲ್ಲ ಸೇರಿ ಅರ್ಧ ಪ್ರಬಂಧ ಮುಗಿದಿರುತ್ತದೆ. ಇದೆಲ್ಲ ಗ್ಯಾಸೆಟಿಯರ್‌ನಲ್ಲಿ, ಅಂದರೆ ಜಿಲ್ಲೆಯ ಸರ್ಕಾರಿ ಮಾಹಿತಿ ಗ್ರಂಥದಲ್ಲಿ ಸಿಗುವ ಮಾಹಿತಿ. ತಪ್ಪಿಲ್ಲ, ಆದರೆ ನಿಮ್ಮ ಕೆಲಸವೂ ಅಲ್ಲ. ನಾಲ್ಕು ಪುಟದಲ್ಲಿ ಮುಗಿಸಬೇಕು.

ಅದೇ ವಿಷಯವನ್ನು ಹೀಗೆ ಕಟ್ಟಿನೋಡಿ: ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಂತೆ, ಕೊನೆ ಭಾಗದ ಒಂದು ವಿತರಣಾ ಕಾಲುವೆಯ ಮೂರು ಹಳ್ಳಿಗಳಲ್ಲಿ ಹತ್ತು ವರ್ಷಗಳಲ್ಲಿ ಬೆಳೆ ಹೇಗೆ ಬದಲಾಯಿತು? ಈಗ ಹುಡುಕಬೇಕಾದ್ದು ತಾನಾಗಿ ಗೊತ್ತಾಗುತ್ತದೆ. ನೀರಾವರಿ ಸಲಹಾ ಸಮಿತಿ ಸಭೆಯ ನಡಾವಳಿ, ವಿತರಣಾ ಕಾಲುವೆಯ ಗೇಜ್ (ನೀರಿನ ಮಟ್ಟದ) ದಾಖಲೆ, ಪಹಣಿಯ ಬೆಳೆ ಕಾಲಂ, ರೈತರ ಸಂದರ್ಶನ. ಪಹಣಿಯಲ್ಲಿ ಬರೆದ ಬೆಳೆಯೂ ಹೊಲದಲ್ಲಿ ನಿಂತ ಬೆಳೆಯೂ ಬೇರೆಯಾಗಿರುವುದುಂಟು. ಆ ವ್ಯತ್ಯಾಸ ಕಂಡರೆ ಮುಚ್ಚಿಡಬೇಡಿ, ವಿಧಾನದ ಅಧ್ಯಾಯದಲ್ಲೇ ಬರೆಯಿರಿ. ಆಕರದ ಮಿತಿಯನ್ನು ಗುರುತಿಸಿದ ವಿದ್ಯಾರ್ಥಿಗೆ ಅಂಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ವರ್ಷಗಳ ಆಯ್ಕೆಯಲ್ಲೂ ಎಡವಬಾರದು. 2023ರಂಥ ಬರಗಾಲದ ಒಂದೇ ವರ್ಷ ತೆಗೆದುಕೊಂಡು ‘ಕೊನೆ ಭಾಗಕ್ಕೆ ನೀರು ತಲುಪುತ್ತಿಲ್ಲ’ ಎಂದರೆ, ಜಲಾಶಯದಲ್ಲೇ ನೀರು ಕಡಿಮೆ ಇತ್ತಲ್ಲ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಒಳ್ಳೆ ಮಳೆಯ ವರ್ಷ, ಬರದ ವರ್ಷ ಎರಡನ್ನೂ ಪಕ್ಕಪಕ್ಕ ಇಡಬೇಕು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದ ಹಂಗಾಮನ್ನು ಬಳಸುವುದಾದರೆ ಅದನ್ನು ಪ್ರತ್ಯೇಕವಾಗಿ ಗುರುತಿಸಿ.

ಇನ್ನೊಂದು ತಪ್ಪು ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದವರನ್ನು ಕಾಡುತ್ತದೆ. ಕೊಪ್ಪಳ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ. ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾದದ್ದು 2021ರಲ್ಲಿ. 1991ರ ಜನಗಣತಿಯ ‘ರಾಯಚೂರು ಜಿಲ್ಲೆ’ಯನ್ನು 2001ರ ‘ರಾಯಚೂರು ಜಿಲ್ಲೆ’ಯ ಪಕ್ಕ ಇಟ್ಟು ಜನಸಂಖ್ಯೆ ಕುಸಿಯಿತು, ಸಾಗುವಳಿ ಪ್ರದೇಶ ಕುಗ್ಗಿತು ಎಂದು ಕೋಷ್ಟಕ ಹಾಕಿದರೆ ಇಡೀ ಅಧ್ಯಾಯ ಬಿದ್ದುಹೋಗುತ್ತದೆ. ತಾಲ್ಲೂಕುವಾರು ಅಂಕಿ ತೆಗೆದು, ಹೊಸ ಗಡಿಗೆ ತಕ್ಕಂತೆ ಕೂಡಿಸಿಕೊಂಡು ಹೋಲಿಸಿ. ಹಾಗೆ ಮಾಡಿದ್ದನ್ನು ಕೋಷ್ಟಕದ ಕೆಳಗೆ ಒಂದು ಸಾಲಿನಲ್ಲಿ ಬರೆಯಿರಿ.

ಶೇಕಡಾ ಲೆಕ್ಕದ ಬಗ್ಗೆಯೂ ಒಂದು ಮಾತು. 40 ಜನರನ್ನು ಕೇಳಿ ‘ಶೇ 65.00ರಷ್ಟು ರೈತರು’ ಎಂದು ಬರೆಯುವುದು ಇಲ್ಲದ ನಿಖರತೆಯನ್ನು ತೋರಿಸಿದಂತೆ. ‘40 ಜನರಲ್ಲಿ 26 ಮಂದಿ’ ಎನ್ನಿ, ಆ 40 ಜನರನ್ನು ಹೇಗೆ ಆರಿಸಿದಿರಿ ಎಂದೂ ಹೇಳಿ. ಎಲ್ಲರೂ ನಿಮ್ಮ ಓಣಿಯವರೇ ಆಗಿದ್ದರೆ ಅದನ್ನು ತಾಲ್ಲೂಕಿನ ಮಾತಾಗಿ ಹಿಗ್ಗಿಸಬಾರದು.

ಪ್ರಶ್ನೆ: ಸಿರುಗುಪ್ಪದಿಂದ ಬರೆಯುತ್ತಿದ್ದೇನೆ. ಇತಿಹಾಸ ವಿಭಾಗಕ್ಕೆ ಅಶೋಕನ ಶಾಸನಗಳ ಮೇಲೆ ಪ್ರಬಂಧ ಸಲ್ಲಿಸುವವನಿದ್ದೇನೆ. ಬೇರೆಯವರ ಬರಹದೊಂದಿಗೆ ಎಷ್ಟು ಹೋಲುತ್ತದೆ ಎಂದು ತಂತ್ರಾಂಶದಲ್ಲಿ ನೋಡುವ ಸಾಮ್ಯತೆ ಪರೀಕ್ಷೆಯಲ್ಲಿ ಶೇ 32 ಬಂತು. ನನ್ನನ್ನು ಫೇಲ್ ಮಾಡುತ್ತಾರಾ? ಡಿಟಿಪಿ ಅಂಗಡಿಯವರು, ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಸಿದರೆ ಸಾಮ್ಯತೆ ಬರುವುದೇ ಇಲ್ಲ ಅಂದರು. ಹೌದಾ?

ಉತ್ತರ: ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮ ಸ್ನಾತಕೋತ್ತರ ಪ್ರಬಂಧಗಳಿಗೂ ಅನ್ವಯ. ಸಾಮ್ಯತೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರ ನಡುವೆ ಇದ್ದರೆ, ನಿಗದಿತ ಅವಧಿಯೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. ಆ ಅವಧಿ 6 ತಿಂಗಳು ಮೀರುವಂತಿಲ್ಲ. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ನಿಮ್ಮದು ತಿದ್ದುವ ಹಂತದಲ್ಲಿದೆ. ಸಲ್ಲಿಸುವ ಮುಂಚೆಯೇ ಗೊತ್ತಾಗಿದ್ದು ಒಳ್ಳೆಯದೇ ಆಯಿತು.

ಮೊದಲು ವರದಿಯನ್ನು ತೆರೆದು, ಬಣ್ಣ ಬಿದ್ದ ಸಾಲುಗಳನ್ನು ಒಂದೊಂದಾಗಿ ನೋಡಿ. ಆಕರ ಹೇಳಿ ಉದ್ಧರಿಸಿದ ಭಾಗ, ಗ್ರಂಥಋಣ, ಪರಿವಿಡಿ, ಮುನ್ನುಡಿ, ಕೃತಜ್ಞತೆ ಲೆಕ್ಕಕ್ಕೆ ಬರಬಾರದು. ಸಾಮಾನ್ಯ ತಿಳಿವಳಿಕೆಯ ಮಾತು ಸತತ 14 ಪದಗಳವರೆಗೆ ಹೊಂದಿಕೊಂಡರೆ ಅದೂ ಬರಬಾರದು. ಇವನ್ನು ಬಿಡದೆ ಪರೀಕ್ಷೆ ನಡೆಸಿದ್ದರೆ ಮತ್ತೊಮ್ಮೆ ನಡೆಸಿಕೊಡಲು ಗ್ರಂಥಾಲಯದಲ್ಲಿ ಕೇಳಿ. ಉಳಿದ ಸಾಲುಗಳನ್ನು ಪುಸ್ತಕ ಮುಚ್ಚಿಟ್ಟು ನಿಮ್ಮ ಮಾತಿನಲ್ಲಿ ಬರೆದು, ಆಮೇಲೆ ಪುಸ್ತಕ ತೆರೆದು ತಾಳೆ ನೋಡಿ, ಅಡಿಟಿಪ್ಪಣಿ ಹಾಕಿ. ಪದಕ್ಕೆ ಪದ ಬದಲಿಸುತ್ತಾ ಹೋಗುವುದು ಪ್ರಯೋಜನಕ್ಕೆ ಬಾರದು. ವಾಕ್ಯದ ಎಲುಬು ಅದೇ ಉಳಿದಿರುತ್ತದೆ, ಭಾಷೆಯೂ ಕೆಡುತ್ತದೆ.

ಅಂಗಡಿಯವರ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ನುಡಿಯ ಹಳೆಯ ಫಾಂಟ್‌ಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲ, ಆದ್ದರಿಂದ ತಂತ್ರಾಂಶಕ್ಕೆ ಅಲ್ಲಿ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಸಾಮ್ಯತೆ ಸೊನ್ನೆಯ ಹತ್ತಿರ ಬಂದ ಕನ್ನಡ ಪ್ರಬಂಧವೇ ಅನುಮಾನಕ್ಕೆ ಕಾರಣವಾಗುತ್ತದೆ. ಮೊದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ. ಈಗಾಗಲೇ ನುಡಿಯಲ್ಲಿದ್ದರೆ ಪರಿವರ್ತಕದಲ್ಲಿ ಹಾಕಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಿ. ಪರಿವರ್ತನೆಯಲ್ಲಿ ಹೆಚ್ಚಾಗಿ ಕೆಡುವುದು ಅಲ್ಲೇ.

ನಿಮ್ಮ ವಿಷಯಕ್ಕೇ ಸಂಬಂಧಿಸಿದ ಒಂದು ಎಚ್ಚರಿಕೆ. ‘ಅಶೋಕ’ ಎಂಬ ಹೆಸರು ಮಸ್ಕಿಯ ಶಾಸನದಲ್ಲಿ ಮಾತ್ರ ಇದೆ ಎಂಬ ಸಾಲು ಹಳೆಯ ಪುಸ್ತಕಗಳಿಂದ ಪ್ರಬಂಧಕ್ಕೆ, ಪ್ರಬಂಧದಿಂದ ಪ್ರಬಂಧಕ್ಕೆ ಸಾಗಿಬರುತ್ತಿದೆ. ಮಸ್ಕಿ ಶಾಸನ 1915ರಲ್ಲಿ ಪತ್ತೆಯಾದಾಗ ಆ ಮಾತು ಸರಿಯಿತ್ತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಿಮ್ಮದೇ ತಾಲ್ಲೂಕಿನ ನಿಟ್ಟೂರು ಮತ್ತು ಉದೆಗೋಳದ ಶಾಸನಗಳಲ್ಲೂ ಆ ಹೆಸರು ಸಿಕ್ಕಿತು. ಸಿರುಗುಪ್ಪದ ವಿದ್ಯಾರ್ಥಿಯೇ ಆ ಹಳೆಯ ಸಾಲನ್ನು ಬರೆದರೆ ಪರೀಕ್ಷಕರಿಗೆ ಎರಡು ವಿಷಯ ಗೊತ್ತಾಗುತ್ತವೆ: ಶಾಸನಪಾಠವನ್ನು ನೋಡಿಲ್ಲ, ಪೂರ್ವಾಧ್ಯಯನವನ್ನು ಹೊಸತಾಗಿಸಿಕೊಂಡಿಲ್ಲ. ಅಂಥ ಒಂದೇ ತಪ್ಪಿಗೆ ಎರಡು ಕಡೆ ಅಂಕ ಹೋಗುತ್ತದೆ.

ಪ್ರಶ್ನೆ: ಕೊಪ್ಪಳದಿಂದ. ಗೈಡ್ ಸರ್ ‘ಚೆನ್ನಾಗಿದೆ’ ಎಂದು ಸಹಿ ಹಾಕಿದ್ದರು. ಬಣ್ಣದ ಮರದ ಗೊಂಬೆಗಳ ಕಿನ್ನಾಳ ಕಲೆಯ ಮೇಲಿನ ನನ್ನ ಪ್ರಬಂಧಕ್ಕೆ ವೈವಾದಲ್ಲಿ ಹೊರಗಿನ ಪರೀಕ್ಷಕರು ಅಂಕ ಕಡಿಮೆ ಮಾಡಿದರು. ಹೀಗೂ ಆಗುತ್ತದಾ?

ಉತ್ತರ: ಆಗುತ್ತದೆ, ಅದರಲ್ಲಿ ಅನ್ಯಾಯ ಆಗಿರಲೇಬೇಕು ಎಂದೇನಿಲ್ಲ. ಪ್ರಬಂಧ ಸಲ್ಲಿಸಲು ಯೋಗ್ಯ ಎನ್ನುವುದಕ್ಕೆ ಮಾರ್ಗದರ್ಶಕರ ಸಹಿ. ಅದರ ಗುಣಮಟ್ಟ ಎಷ್ಟು ಎಂದು ತೂಗುವುದು ಪರೀಕ್ಷಕರ ಕೆಲಸ. ವೈವಾದಲ್ಲಿ ಅವರು ಪ್ರಬಂಧ ನಿಮ್ಮದೇ ಹೌದೋ ಅಲ್ಲವೋ ಎಂದು ಮೊದಲು ತಿಳಿದುಕೊಳ್ಳುತ್ತಾರೆ. ‘ಈ ಬಣ್ಣದ ಕೆಲಸದ ವಿವರ ಕೊಟ್ಟ ಕಲಾವಿದರು ಯಾರು, ಯಾವತ್ತು ಮಾತಾಡಿಸಿದಿರಿ?’ ಎಂಬ ಸರಳ ಪ್ರಶ್ನೆಗೆ ತಡವರಿಸಿದರೆ ಕ್ಷೇತ್ರಕಾರ್ಯದ ಅಧ್ಯಾಯವೆಲ್ಲ ಅನುಮಾನಕ್ಕೆ ಬೀಳುತ್ತದೆ.

ಮುಂದೆ ಪಿಎಚ್.ಡಿ. ಮಾಡುವ ಯೋಚನೆಯಿದ್ದರೆ ಅಲ್ಲಿ ಈ ಹಂತ ಇನ್ನೂ ಬಿಗಿ: ಯುಜಿಸಿಯ 2022ರ ನಿಯಮದಂತೆ ಮಾರ್ಗದರ್ಶಕರ ಜೊತೆಗೆ ಆ ಸಂಸ್ಥೆಯ ನೌಕರರಲ್ಲದ ಕನಿಷ್ಠ ಇಬ್ಬರು ಪರೀಕ್ಷಕರು ಓದುತ್ತಾರೆ. ಈಗಿನಿಂದಲೇ ರೂಢಿ ಮಾಡಿಕೊಳ್ಳಿ. ವೈವಾಕ್ಕೆ ಹೋಗುವಾಗ ಭರ್ತಿಯಾದ ಪ್ರಶ್ನಾವಳಿಗಳ ಕಟ್ಟು, ಕ್ಷೇತ್ರಕಾರ್ಯದ ನೋಟ್‌ಬುಕ್, ದಿನಾಂಕ ಇರುವ ಫೋಟೋಗಳು, ಧ್ವನಿಮುದ್ರಣ ಕೈಯಲ್ಲಿರಲಿ. ಪ್ರಬಂಧದ ನಿಮ್ಮ ಪ್ರತಿಯಲ್ಲಿ ಪ್ರತಿ ಕೋಷ್ಟಕದ ಪಕ್ಕ ಅದರ ಮೂಲ ಯಾವ ಕಟ್ಟಿನಲ್ಲಿದೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟುಕೊಂಡಿರಿ.