14 ವರ್ಷದ ಕಾರು ಟ್ರಾಫಿಕ್‌ನಲ್ಲಿ ಹೀಟ್ ಆಗುತ್ತಿದೆ, ಇಂಜಿನ್ ಬಿಚ್ಚಲು 35 ಸಾವಿರ ಕೇಳುತ್ತಿದ್ದಾರೆ. ರಿಪೇರಿ ಮಾಡಿಸಲಾ, ಮಾರಲಾ?

ಈಗಲೇ ಇಂಜಿನ್ ಬಿಚ್ಚಿಸಬೇಡಿ. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಟೆಂಪರೇಚರ್ ಮೀಟರಿನ ಸೂಜಿ ಮೇಲೇರಿ, ಹೈವೇಗೆ ಬಂದ ಕೂಡಲೇ ಇಳಿಯುತ್ತದೆ ಅಂದರೆ ಮೊದಲ ಅನುಮಾನ ರೇಡಿಯೇಟರ್ ಫ್ಯಾನ್ ಮೇಲೆ, ಯಾಕೆಂದರೆ ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ, ನಿಂತಾಗ ಫ್ಯಾನ್ ಒಂದೇ ಗತಿ. ಬಾನೆಟ್ ಎತ್ತಿ ಏಸಿ ಹಾಕಿ ನೋಡಿ, ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ (ಫ್ಯಾನ್‌ಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್), ಮೋಟಾರ್, ಈ ಕ್ರಮದಲ್ಲಿ ಚೆಕ್ ಮಾಡಿಸಿ. ನನ್ನ ಹಳೇ ಕಾರಿಗೂ ಹೀಗೇ ಹೆದರಿಸಿದ್ದರು, ಕೊನೆಗೆ ಸುಟ್ಟಿದ್ದು ಬೆರಳುಗಾತ್ರದ ಒಂದು ರಿಲೇ!

ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಪದೇ ಪದೇ ಕಡಿಮೆಯಾಗುತ್ತಿದ್ದರೆ ಕತೆ ಬೇರೆ. ಬೆಳಿಗ್ಗೆ ಕಾರಿನ ಅಡಿ ರಟ್ಟು ಹಾಸಿ, ಹನಿ ಬಿದ್ದಿದ್ದರೆ ಹೋಸ್ ಅಥವಾ ವಾಟರ್ ಪಂಪ್ ಇರಬಹುದು. ಹನಿಯೇ ಇಲ್ಲ, ಆದರೆ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಇದೆ, ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲುತ್ತಿಲ್ಲ ಅಂದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಮೇಲ್ಭಾಗದ ಸೀಲ್) ಹೋಗಿರಬಹುದು, ಆಗ ಖರ್ಚು ನಿಜ. (ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ, ಮುಖಕ್ಕೇ ಚಿಮ್ಮುತ್ತದೆ.)

ಇನ್ನು ಮಾರುವ ಮಾತು. 15 ವರ್ಷಕ್ಕೆ ಆರ್‌ಸಿ ನವೀಕರಿಸಬೇಕು, ಆದರೆ ಗಾಡಿ ತಪಾಸಣೆಯಲ್ಲಿ ಪಾಸಾದರೆ ಮತ್ತೆ 5 ವರ್ಷ ಸಿಗುತ್ತದೆ ಅಲ್ವಾ? ಆ ಶುಲ್ಕ, ಹಸಿರು ತೆರಿಗೆ, ಟೈರು ಎಲ್ಲ ಸೇರಿಸಿ ಲೆಕ್ಕ ಹಾಕಿ. ಬಾಡಿ ತುಕ್ಕು ಹಿಡಿಯದೆ ಗಟ್ಟಿ ಇದ್ದರೆ ನಾನಂತೂ ಇಟ್ಟುಕೊಳ್ಳುತ್ತೇನೆ. ತಳವೇ ತುಕ್ಕು ತಿಂದಿದ್ದರೆ ಸುಮ್ನೆ ದುಡ್ಡು ಸುರಿಯಬೇಡಿ, ಕೊಟ್ಟುಬಿಡಿ.