ಸಾಟೆಲ್ ಇಲ್ಲದ ಹಾಟ್ ರೈಜ್

ಓದುಗರ ಪತ್ರ: ‘ಅಮೆರಿಕದ ಹಾಟ್ ರೈಜ್ ಸಂಗೀತ ತಂಡದ “ವೆನ್ ಐಯಾಮ್ ಫ್ರೀ” ಆಲ್ಬಮನ್ನು ಬಾಯ್ತುಂಬ ಹೊಗಳಿದ್ದೀರಿ. 24 ವರ್ಷ ಬಿಟ್ಟು ಸ್ಟುಡಿಯೋಗೆ ಬಂದವರು ಅವರು. ಗಿಟಾರ್ ನುಡಿಸುತ್ತಿದ್ದ ಚಾರ್ಲ್ಸ್ ಸಾಟೆಲ್ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವರಿಲ್ಲದೆ ಅದೇ ಹೆಸರಲ್ಲಿ ಆಲ್ಬಮ್ ತಂದರೆ ಹೆಸರನ್ನು ಮಾರಿಕೊಂಡ ಹಾಗಲ್ಲವೇ?’

ಸಂಪಾದಕರ ಉತ್ತರ: ಹೆಸರಿನ ಮಾತು ನೀವೇ ಎತ್ತಿದ್ದು ಒಳ್ಳೆಯದಾಯಿತು. ಆ ಹೆಸರು ಬಂದದ್ದೇ ಹಿಟ್ಟಿನ ಜಾಹೀರಾತಿನಿಂದ! ಮಾರ್ಥಾ ವೈಟ್ ಕಂಪನಿಯ ಹಿಟ್ಟು ಉಬ್ಬಲು ಹಾಕುತ್ತಿದ್ದ ಪದಾರ್ಥಕ್ಕೆ ಹಾಟ್ ರೈಜ್ ಅಂತ ಹೆಸರು. ಈ ತಂಡದ್ದು ಬ್ಲೂಗ್ರಾಸ್, ಅಂದರೆ ಬ್ಯಾಂಜೊ, ಗಿಟಾರಿನಂಥ ತಂತಿವಾದ್ಯಗಳ ಅಮೆರಿಕದ ಸಂಗೀತ. ಅದರ ಹಿರಿಯ ಜೋಡಿ ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ಅವರ ರೇಡಿಯೋ ಕಾರ್ಯಕ್ರಮದ ಪ್ರಾಯೋಜಕರು ಇದೇ ಕಂಪನಿಯವರು. ಬ್ಲೂಗ್ರಾಸ್‌ನ ಹಿರಿಯರಿಗೆ ಹೀಗೆ ತಮಾಷೆಯಾಗಿ ನಮಸ್ಕಾರ ಹಾಕಿ 1978ರಲ್ಲಿ ಕೊಲೊರಾಡೊದಲ್ಲಿ ಶುರುವಾದ ತಂಡ ಇದು.

ಅವರು ಮಡಿ ಮಾಡಿದವರೂ ಅಲ್ಲ. ಬ್ಲೂಗ್ರಾಸ್‌ನಲ್ಲಿ ದೊಡ್ಡ ಮರದ ಬಾಸ್ ಇರಬೇಕು ಅನ್ನುವುದು ರೂಢಿ. ಈ ತಂಡದ ನಿಕ್ ಫಾರ್ಸ್ಟರ್ ಎಲೆಕ್ಟ್ರಿಕ್ ಬಾಸ್ ಹಿಡಿದರು. ಪೀಟ್ ವೆರ್ನಿಕ್ ಬ್ಯಾಂಜೊಗೆ ಫೇಸ್ ಶಿಫ್ಟರ್ ಪೆಡಲ್ ಸೇರಿಸಿದರು. ಹೆಬ್ಬೆರಳು, ಮತ್ತೆರಡು ಬೆರಳುಗಳಿಗೆ ಪಿಕ್ ಹಾಕಿ ಮೀಟುವ ಆ ಖಣಖಣ ನಾದ ಪೆಡಲ್ ದಾಟಿ ಬರುವಾಗ ನೀರೊಳಗಿಂದ ಬಂದ ಹಾಗೆ ಅಲೆಯಲೆಯಾಗಿ ಕೇಳುತ್ತದೆ. (ಈ ವೆರ್ನಿಕ್ ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದವರು. ಜನ ಕರೆಯುವುದು ಮಾತ್ರ ‘ಡಾಕ್ಟರ್ ಬ್ಯಾಂಜೊ’!)

ಇನ್ನು ಸಾಟೆಲ್ ವಿಷಯ. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಅವರದು ಕಡಿಮೆ ನುಡಿಸುವ ಕೈ. ಇನ್ನೊಬ್ಬರು ಹತ್ತು ಸ್ವರ ತುಂಬುವ ಜಾಗದಲ್ಲಿ ಅವರು ಮೂರು ಹಾಕಿ ಸುಮ್ಮನಾಗುತ್ತಿದ್ದರು. ಆ ಮೂರೂ ನಾವು ಕಾದಿದ್ದವಲ್ಲ! 1999ರಲ್ಲಿ ರಕ್ತದ ಕ್ಯಾನ್ಸರ್ ಅವರನ್ನು ಕರೆದೊಯ್ದಿತು.

ಆದರೆ ಉಳಿದವರು ಮಾರನೇ ದಿನವೇ ಬೇರೆಯವರನ್ನು ಕೂರಿಸಿ ಆಲ್ಬಮ್ ಮಾಡಲಿಲ್ಲ, ಅಲ್ವಾ? ಸಾಟೆಲ್ ಜಾಗಕ್ಕೆ ಗಿಟಾರ್ ಹಿಡಿದು ಬ್ರಯಾನ್ ಸಟ್ಟನ್ ಸೇರಿದ್ದು 2002ರಲ್ಲಿ. ಆಲ್ಬಮ್ ಬಂದದ್ದು 2014ರಲ್ಲಿ. ನಡುವಿನ ಆ 12 ವರ್ಷ ಆಗೊಮ್ಮೆ ಈಗೊಮ್ಮೆ ಕಛೇರಿ ಕೊಡುತ್ತ, ಒಬ್ಬರ ಕೈ ಇನ್ನೊಬ್ಬರಿಗೆ ಒಗ್ಗುವವರೆಗೆ ಕಾದರು. ದುಡ್ಡಿನ ಅವಸರ ಇದ್ದವರು ಇಷ್ಟು ಕಾಯುತ್ತಾರೆಯೇ? ಅದಕ್ಕಿಂತ ಮುಖ್ಯ, ಸಟ್ಟನ್ ಸಾಟೆಲ್ ಥರ ನುಡಿಸಲು ಹೋಗಲೇ ಇಲ್ಲ. ಅವರದು ಚುರುಕು ಕೈ, ಸ್ವರಗಳು ಧಾರಾಳ. ತಂಡದ ಮುಖ್ಯ ಗಾಯಕ ಟಿಮ್ ಒಬ್ರಯನ್ ಹಾಡುವಾಗ ಹಿಂದೆ ಸರಿದು, ತನ್ನ ಸರದಿ ಬಂದಾಗ ತನ್ನದನ್ನೇ ನುಡಿಸುತ್ತಾರೆ. ಅವರು ಅನುಕರಣೆ ಮಾಡಿದ್ದರೆ ನಿಮ್ಮ ದೂರಿಗೆ ನಾನೂ ಸಹಿ ಹಾಕುತ್ತಿದ್ದೆ.

ಆಲ್ಬಮಿನಲ್ಲಿ ಎಲ್ಲವೂ ಒಂದೇ ತೂಕದ್ದಲ್ಲ, ಒಪ್ಪಿದೆ. ಆದರೆ ಹಳೇ ಹಾಡುಗಳನ್ನೇ ಮತ್ತೆ ಬಿಸಿ ಮಾಡಿ ಬಡಿಸಿಲ್ಲ. ಅಷ್ಟು ವರ್ಷದ ಮೇಲೆ ಬಂದವರಿಗೆ ಅದೇ ಸುಲಭದ ದಾರಿಯಾಗಿತ್ತು.

ಒಂದು ಕೆಲಸ ಮಾಡಿ. 1996ರ ಕಛೇರಿಯ ಧ್ವನಿಮುದ್ರಣ ‘ಸೋ ಲಾಂಗ್ ಆಫ್ ಎ ಜರ್ನಿ’ ಇದೆ. ಅದರಲ್ಲಿ ಸಾಟೆಲ್ ಇದ್ದಾರೆ. ಮೊದಲು ಅದನ್ನು ಕೇಳಿ, ಆಮೇಲೆ ಇದನ್ನು. ಆಗಲೂ ನಿಮ್ಮ ಮಾತೇ ಸರಿ ಅನ್ನಿಸಿದರೆ ಇನ್ನೊಂದು ಪತ್ರ ಬರೆಯಿರಿ. ಕತ್ತರಿ ಹಾಕದೆ ಅಚ್ಚು ಮಾಡುತ್ತೇವೆ.