ಓದುಗರ ಪ್ರಶ್ನೆ: ರನ್ ಆದ ಪ್ರೋಗ್ರಾಮ್ ಇನ್‌ಪುಟ್ ಏಕೆ ತೆಗೆದುಕೊಳ್ಳುತ್ತಿಲ್ಲ?

ಪ್ರಶ್ನೆ: ನಾನು ಬಿಸಿಎ ಎರಡನೇ ವರ್ಷದ ವಿದ್ಯಾರ್ಥಿನಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕೋಡ್ ಬರೆಯುವ ತಂತ್ರಾಂಶವಾದ ವಿಎಸ್ ಕೋಡ್ ಮತ್ತು ಅದರ ಕೋಡ್ ರನ್ನರ್ ಎಕ್ಸ್‌ಟೆನ್ಷನ್ ಬಳಸಿ ಸಿ ಪ್ಲಸ್ ಪ್ಲಸ್ ಕಲಿಯುತ್ತಿದ್ದೇನೆ. ಸಂಖ್ಯೆ ಕೇಳುವ ಪ್ರೋಗ್ರಾಮುಗಳನ್ನು ನಡೆಸಿದಾಗ ಏನನ್ನೂ ಟೈಪ್ ಮಾಡಲಾಗುವುದಿಲ್ಲ. ಕೋಡ್ ತಿದ್ದಿದ ಮೇಲೂ ಕೆಲವೊಮ್ಮೆ ಹಳೆಯ ಉತ್ತರವೇ ಬರುತ್ತದೆ. ಎರಡು ಫೈಲುಗಳಿದ್ದರೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ದೋಷ ಕಾಣಿಸುತ್ತದೆ. ಬೇರೆ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಕೆ?

ಉತ್ತರ: ಬೇಕಿಲ್ಲ. ಕೋಡ್ ರನ್ನರ್ ಸ್ವತಃ ಏನನ್ನೂ ಕಂಪೈಲ್ ಮಾಡುವುದಿಲ್ಲ. ನೀವು ಕೈಯಾರೆ ಟೈಪ್ ಮಾಡಬೇಕಿದ್ದ ಆದೇಶವನ್ನು ನಿಮ್ಮ ಪರವಾಗಿ ಜಿ ಪ್ಲಸ್ ಪ್ಲಸ್ ಕಂಪೈಲರಿಗೆ (ಕೋಡನ್ನು ಕಂಪ್ಯೂಟರ್ ನಡೆಸಬಲ್ಲ ರೂಪಕ್ಕೆ ತರುವ ತಂತ್ರಾಂಶ) ಒಪ್ಪಿಸುತ್ತದೆ, ಅಷ್ಟೆ. ನಿಮ್ಮ ಮೂರೂ ತೊಂದರೆಗಳು ಆ ಆದೇಶ ಎಲ್ಲಿ, ಯಾವಾಗ, ಯಾವ ಫೈಲಿನ ಮೇಲೆ ನಡೆಯುತ್ತದೆ ಎಂಬುದಕ್ಕೆ ಸಂಬಂಧಿಸಿದವು.

ಕೋಡ್ ರನ್ನರ್ ಮೊದಲಿಗೆ ಫಲಿತಾಂಶವನ್ನು ಔಟ್‌ಪುಟ್ ಫಲಕದಲ್ಲಿ ತೋರಿಸುವಂತೆ ಹೊಂದಿಕೆಯಾಗಿರುತ್ತದೆ, ಆ ಫಲಕವಾದರೋ ಓದಲು ಮಾತ್ರ ಇರುವಂಥದ್ದು. ಸೆಟ್ಟಿಂಗ್ಸ್‌ನಲ್ಲಿ ‘ರನ್ ಇನ್ ಟರ್ಮಿನಲ್’ ಎಂಬುದಕ್ಕೆ ಗುರುತು ಹಾಕಿದರೆ ಪ್ರೋಗ್ರಾಮ್ ಟರ್ಮಿನಲ್ಲಿನಲ್ಲಿ ನಡೆಯುತ್ತದೆ, ಅಲ್ಲಿ ನೀವು ಸಂಖ್ಯೆಗಳನ್ನು ಕೊಡಬಹುದು. ಅದಕ್ಕೂ ಮೊದಲು ಕಂಟ್ರೋಲ್, ಆಲ್ಟ್, ಎಂ ಒತ್ತಿ, ಇನ್‌ಪುಟ್ಟಿಗಾಗಿ ಕಾಯುತ್ತ ಹಿನ್ನೆಲೆಯಲ್ಲಿ ಉಳಿದಿರಬಹುದಾದ ಪ್ರೋಗ್ರಾಮನ್ನು ನಿಲ್ಲಿಸಿ. ಹಳೆಯ ಉತ್ತರ ಬರುವುದಕ್ಕೆ ಕಾರಣ, ತಿದ್ದಿದ ಫೈಲನ್ನು ನೀವು ಸೇವ್ ಮಾಡಿರುವುದಿಲ್ಲ; ಕಂಪೈಲರ್ ಓದುವುದು ಡಿಸ್ಕಿನಲ್ಲಿರುವ ಪ್ರತಿಯನ್ನೇ ಹೊರತು ಪರದೆಯ ಮೇಲಿರುವುದನ್ನಲ್ಲ. ‘ಸೇವ್ ಆಲ್ ಫೈಲ್ಸ್ ಬಿಫೋರ್ ರನ್’ ಆರಿಸಿಕೊಳ್ಳಿ.

ಮೂರನೆಯದಕ್ಕೆ ಸ್ವಲ್ಪ ಕೈಕೆಲಸವಿದೆ. ಎಕ್ಸ್‌ಟೆನ್ಷನ್ ಕಳುಹಿಸುವ ಆದೇಶದಲ್ಲಿ ತೆರೆದಿರುವ ಒಂದು ಫೈಲಿನ ಹೆಸರಷ್ಟೇ ಇರುವುದರಿಂದ, ಇನ್ನೊಂದರಲ್ಲಿರುವ ಫಂಕ್ಷನ್, ಕಂಪೈಲ್ ಆದ ಭಾಗಗಳನ್ನು ಜೋಡಿಸುವ ಲಿಂಕರಿಗೆ ಸಿಗುವುದಿಲ್ಲ. ಯಾವ ಭಾಷೆಗೆ ಯಾವ ಆದೇಶ ಎಂದು ತಿಳಿಸುವ ‘ಎಕ್ಸಿಕ್ಯೂಟರ್ ಮ್ಯಾಪ್’ ಸೆಟ್ಟಿಂಗನ್ನು ತೆರೆದು, ಸಿಪಿಪಿಯ (ಅಂದರೆ ಸಿ ಪ್ಲಸ್ ಪ್ಲಸ್‌ನ) ಸಾಲಿನಲ್ಲಿ ಕಂಪೈಲರಿನ ಹೆಸರಾದ ಕೂಡಲೇ ಬರುವ ಫೈಲ್‌ನೇಮ್ ಎಂಬುದರ ಜಾಗದಲ್ಲಿ ನಕ್ಷತ್ರ ಚಿಹ್ನೆ, ಚುಕ್ಕಿ ಮತ್ತು ಸಿಪಿಪಿ ಎಂದು ಬರೆದರೆ ಫೋಲ್ಡರಿನ ಎಲ್ಲ ಸಿಪಿಪಿ ಫೈಲುಗಳೂ ಒಟ್ಟಿಗೆ ಕಂಪೈಲ್ ಆಗುತ್ತವೆ. ಆದರೆ ಲ್ಯಾಬಿನ ಹತ್ತು ಪ್ರೋಗ್ರಾಮುಗಳನ್ನು ಒಂದೇ ಫೋಲ್ಡರಿನಲ್ಲಿ ತುಂಬುವ ಅಭ್ಯಾಸವಿದ್ದರೆ (ಬಹುತೇಕರಿಗೆ ಇರುತ್ತದೆ) ಪ್ರೋಗ್ರಾಮ್ ಶುರುವಾಗುವ ಜಾಗವಾದ ಮೇನ್ ಫಂಕ್ಷನ್ನುಗಳು ಹತ್ತೂ ಡಿಕ್ಕಿ ಹೊಡೆದು ಹೊಸ ದೋಷ ಹುಟ್ಟುತ್ತದೆ, ಆದ್ದರಿಂದ ಒಂದು ಪ್ರೋಗ್ರಾಮಿಗೆ ಒಂದು ಫೋಲ್ಡರ್ ಇಟ್ಟುಕೊಳ್ಳಿ. ಅದೇ ಸಾಲಿಗೆ ಅಡ್ಡಗೆರೆಯೊಂದಿಗೆ ‘ವಾಲ್’ (-Wall) ಎಂಬ ಸೂಚನೆಯನ್ನೂ ಸೇರಿಸಿ. ಬೆಲೆ ಕೊಡದೆ ಬಳಸಿದ ವೇರಿಯೇಬಲ್ಲಿನಂತಹ ತಪ್ಪುಗಳ ಬಗ್ಗೆ ಕಂಪೈಲರ್ ಎಚ್ಚರಿಸುತ್ತದೆ.

ಪ್ರಶ್ನೆ: ಪ್ರತಿ ಬಾರಿಯೂ ಅದೇ ಇಪ್ಪತ್ತು ಸಂಖ್ಯೆಗಳನ್ನು ಟೈಪ್ ಮಾಡಿ ಪ್ರೋಗ್ರಾಮನ್ನು ಪರೀಕ್ಷಿಸಬೇಕೆ?

ಉತ್ತರ: ಸಂಖ್ಯೆಗಳನ್ನು ಒಂದು ಪಠ್ಯ ಫೈಲಿನಲ್ಲಿಯೂ ಬರಬೇಕಾದ ಉತ್ತರವನ್ನು ಇನ್ನೊಂದರಲ್ಲಿಯೂ ಬರೆದಿಟ್ಟು, ‘ಚಿಕ್ಕದು’ ಎಂಬ ಗಣಿತ ಚಿಹ್ನೆಯ ಮೂಲಕ ಮೊದಲನೆಯದನ್ನು ಪ್ರೋಗ್ರಾಮಿಗೆ ಉಣಿಸಿರಿ. ವಿಂಡೋಸ್‌ನ ಪವರ್‌ಶೆಲ್ ಆ ಚಿಹ್ನೆಯನ್ನು ಒಪ್ಪುವುದಿಲ್ಲವಾದ್ದರಿಂದ, ಟರ್ಮಿನಲ್ಲಿನ ಕೂಡಿಸುವ ಗುರುತಿನ ಪಕ್ಕದ ಬಾಣವನ್ನು ಒತ್ತಿ ಕಮಾಂಡ್ ಪ್ರಾಂಪ್ಟ್ ತೆರೆದುಕೊಳ್ಳಿ. ಪ್ರೋಗ್ರಾಮಿನ ಉತ್ತರವನ್ನು ‘ದೊಡ್ಡದು’ ಚಿಹ್ನೆಯಿಂದ ಮೂರನೆಯ ಫೈಲಿಗೆ ಇಳಿಸಿ, ಅದನ್ನು ಬರಬೇಕಾದ ಉತ್ತರದೊಂದಿಗೆ ಎಫ್‌ಸಿ ಆದೇಶದಿಂದ ಹೋಲಿಸಿದರೆ ವ್ಯತ್ಯಾಸವಿರುವ ಸಾಲುಗಳು ಅಲ್ಲೇ ಕಾಣುತ್ತವೆ.